ಹದಿನಾರು ನಿಮಿಷ

ರಂಜಾನ್ 2, ಭಾನುವಾರ. ಮರ್ಸಾ ಮತ್ರೂಹ್

ವಾಯವ್ಯ ಗಾಳಿ. ಅಲೆ ಒಂದು ಮೀಟರಿಗೆ ತುಸು ಕಡಿಮೆ. ಆಕಾಶ ನಿರ್ಮಲ. ಹೊಟ್ಟೆ ಮಾತ್ರ ನಿರ್ಮಲವಲ್ಲ.

ಡಾಕ್ಟರ್ ವಗ್ದಿಯವರ ಅಪ್ಪಣೆಯಂತೆ ಇದನ್ನು ಬರೆಯುತ್ತಿದ್ದೇನೆ. ಏನು ತಿಂದೆ, ಯಾವಾಗ ತಿಂದೆ, ಆಮೇಲೆ ಹೊಟ್ಟೆ ಏನಂದಿತು, ದಿನವೂ ಇಷ್ಟು ಬರೆಯಬೇಕಂತೆ. "ನನಗೆ ತೋರಿಸೋದೇನೂ ಬೇಡ ಉಸ್ತಾದ್ ಶುಕ್ರಿ. ತೋರಿಸಬೇಕು ಅಂದ್ರೆ ಸುಳ್ಳು ಬರೀತೀರಿ. ನಿಮಗೋಸ್ಕರ ಬರ್ಕೊಳ್ಳಿ" ಅಂದರು. ಬರೆಯುವುದು ನನಗೇನೂ ಹೊಸದಲ್ಲ. ಮೂವತ್ತೊಂದು ವರ್ಷ ಇಲ್ಲಿನ ಹವಾಮಾನ ಕಚೇರಿಯಲ್ಲಿ ಗಾಳಿ, ಅಲೆ, ಮೋಡ ಬರೆದವನು. ನಿವೃತ್ತನಾಗಿ ಎಂಟು ತಿಂಗಳಾದರೂ ಬೆಳಿಗ್ಗೆ ಎದ್ದರೆ ಮೊದಲು ನೋಡುವುದು ಸಮುದ್ರವನ್ನೇ.

ನಡೆದದ್ದು ಇಷ್ಟು. ನಿನ್ನೆ, ಉಪವಾಸದ ಮೊದಲ ದಿನ, ಸಂಜೆ ಒಬ್ಬನೇ ಮೇಜಿನ ಮುಂದೆ ಕೂತಿದ್ದೆ. ಫ್ರಿಜ್ಜಿನ ಮೇಲಿನ ರೇಡಿಯೋದಲ್ಲಿ ಮಗ್ರಿಬ್ ಅಜಾನ್ ಕೇಳಿತು. ಬಿಸ್ಮಿಲ್ಲಾ ಅಂದವನೇ ಐಸು ಹಾಕಿದ ಜರ್ದಾಳು ಶರಬತ್ತನ್ನು ಒಂದೇ ಉಸಿರಿಗೆ ಗಟಗಟ ಕುಡಿದೆ. ಅದರ ಹಿಂದೆಯೇ ಎಣ್ಣೆಯಲ್ಲಿ ಕರಿದ ಬದನೆಕಾಯಿ, ಉಪ್ಪಿನಕಾಯಿ, ಅರ್ಧ ಕೋಳಿ. ಎರಡನೇ ಲೋಟ ಎತ್ತಿದಾಗ ನಮ್ಮ ಬೀದಿಯ ಮಸೀದಿಯ ಅಜಾನ್ ಶುರುವಾಯಿತು. ಆಗ ಹೊಳೆಯಿತು. ಮೊದಲು ಕೇಳಿದ್ದು ಕೈರೋದ್ದು. ಅಲ್ಲಿ ಸೂರ್ಯ ಮುಳುಗಿ ಹದಿನಾರು ನಿಮಿಷಕ್ಕೆ ನಮ್ಮಲ್ಲಿ ಮುಳುಗುತ್ತಾನೆ. ರೇಡಿಯೋದವರು ದಿನವೂ ಹೇಳುತ್ತಾರೆ, ಹೊರಗಿನ ಊರಿನವರು ಸಮಯದ ವ್ಯತ್ಯಾಸ ಗಮನಿಸಿ ಎಂದು. ಗಮನಿಸಬೇಕಾದವನು ಗಮನಿಸಲಿಲ್ಲ. ಪರದೆ ಸರಿಸಿದ್ದರೆ ಸೂರ್ಯ ಕಿಟಕಿಯಲ್ಲೇ ಇದ್ದ! ಆಕಾಶ ನೋಡುವುದಕ್ಕೇ ಸರ್ಕಾರ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟಿತ್ತು.

ಒಂದು ದಿನದ ಉಪವಾಸ ಹೋಯಿತು. ಹಬ್ಬ ಕಳೆದ ಮೇಲೆ ಅದನ್ನು ತೀರಿಸಬೇಕು. ಬೆಳಗಾಗುವ ಹೊತ್ತಿಗೆ ಹೊಟ್ಟೆ ನಗಾರಿಯ ಹಾಗೆ ಉಬ್ಬಿ, ಎದೆಯೆಲ್ಲ ಉರಿ.

ಇಷ್ಟು ವರ್ಷ ಈ ತಪ್ಪು ಆಗದಿದ್ದದ್ದು ನನ್ನ ಜಾಣತನದಿಂದಲ್ಲ. ಕೈರೋದ ಅಜಾನ್ ಕೇಳಿದೊಡನೆ ನನ್ನ ಕೈ ತಟ್ಟೆಯತ್ತ ಹೋಗುತ್ತಿತ್ತು. ಹೆಂಡತಿ ನಿಮಾತ್ ಮಣಿಕಟ್ಟಿನ ಮೇಲೆ ಒಂದು ಏಟು ಕೊಟ್ಟು, "ಅದು ನಮ್ಮದಲ್ಲ" ಅನ್ನುತ್ತಿದ್ದಳು. ಅಷ್ಟೇ. ಈ ವರ್ಷ ಆ ಏಟು ಇಲ್ಲ.

ಡಾಕ್ಟರ್ ಹೇಳಿದ್ದು: ಮೂರು ಖರ್ಜೂರ, ಉಗುರುಬೆಚ್ಚಗಿನ ನೀರು, ಒಂದು ಬಟ್ಟಲು ಸೂಪು. ಆಮೇಲೆ ಎದ್ದು ನಮಾಜ್ ಮಾಡಿ ಕಾಲು ಗಂಟೆ ಕಾಯಬೇಕು. ಊಟ ಆಮೇಲೆಯೇ. "ಹೊಟ್ಟೆ ಇಡೀ ದಿನ ಮಲಗಿರುತ್ತೆ ಉಸ್ತಾದ್. ಮೆಲ್ಲಗೆ ಎಬ್ಬಿಸಿ. ಬಾಗಿಲು ಒದ್ದು ಎಬ್ಬಿಸಿದ್ರೆ ಅದೂ ತಿರುಗಿ ಒದೆಯುತ್ತೆ. ಇನ್ನೊಂದು ಸಲ ಹೀಗಾದ್ರೆ ಈ ವರ್ಷದ ಉಪವಾಸ ನಿಲ್ಲಿಸಿಬಿಡ್ತೀನಿ, ಹೇಳಿದ್ದೀನಿ."

ರಂಜಾನ್ 3, ಸೋಮವಾರ

ವಾಯವ್ಯ ಗಾಳಿ ಜೋರು. ಅಲೆ ಒಂದೂವರೆ ಮೀಟರ್.

ಖರ್ಜೂರ ಮೂರು. ಸೂಪು ಅಂಗಡಿಯ ಪೊಟ್ಟಣದ್ದು, ಬರೀ ಉಪ್ಪು. ಕಾಲು ಗಂಟೆ ಕಾದೆ. ಹುಳಿತೇಗು ಇನ್ನೂ ಇದೆ.

ಡಾಕ್ಟರ್ ಕೇಳದ ವಿಷಯವನ್ನೂ ಬರೆದುಬಿಡುತ್ತೇನೆ, ಹೇಗೂ ಯಾರೂ ಓದುವುದಿಲ್ಲ. ನಿಮಾತ್ ಕೈರೋದ ಹುಡುಗಿ. ಸಯ್ಯಿದಾ ಝೈನಬ್ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವಳು. ನನಗೆ ಇಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಬಂದಳು. ನಿವೃತ್ತಿಯ ಮರುದಿನವೇ ವಾಪಸ್ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಿವೃತ್ತಿಯಾಯಿತು. ಅಂಜೂರದ ಕಾಲ ಮುಗಿಯಲಿ ಅಂದೆ. ಚಳಿಗಾಲದ ಸಮುದ್ರ ಒಂದು ಸಲ ನೋಡಿಬಿಡೋಣ ಅಂದೆ. ಮಾಳಿಗೆ ರಿಪೇರಿ ಅಂದೆ. ರಂಜಾನಿಗೆ ಐದು ದಿನ ಮುಂಚೆ ಅವಳು ಸುಮ್ಮನೆ ಚೀಲ ತುಂಬಿಕೊಂಡಳು.

"ಮೂವತ್ತೊಂದು ವರ್ಷ ನಮ್ಮೂರಿನ ಅಜಾನ್ ರೇಡಿಯೋದಲ್ಲಿ ಕೇಳ್ತಾ, ಊಟ ಮುಂದಿಟ್ಕೊಂಡು, ಹದಿನಾರು ನಿಮಿಷ ಕಾದಿದ್ದೀನಿ. ಈ ವರ್ಷ ಕಾಯಲ್ಲ. ಕೈರೋದ ಟೈಮಿಗೇ ಉಪವಾಸ ಬಿಡ್ತೀನಿ" ಅಂದಳು. ಬಸ್ಸು ಹತ್ತಿ ಮಗಳು ರಬಾಬಳ ಮನೆಗೆ ಹೋದಳು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಜಗಳಕ್ಕಾದರೂ ಒಂದು ಕೊನೆ ಇರುತ್ತದೆ.

ಈ ಸಮುದ್ರ ಬಿಟ್ಟು ನಾನು ಎಲ್ಲಿಗೂ ಹೋಗುವವನಲ್ಲ. ಇದೂ ದಾಖಲೆಯಲ್ಲಿರಲಿ.

ರಂಜಾನ್ 5, ಬುಧವಾರ

ಗಾಳಿ ಇಳಿದಿದೆ. ಅಲೆ ಅರ್ಧ ಮೀಟರ್. ನೀರು ಹಸಿರು.

ಸೂಪು ನಾನೇ ಮಾಡಿದೆ. ಮಸೂರ್ ಬೇಳೆ, ಈರುಳ್ಳಿ, ಕ್ಯಾರೆಟ್, ಜೀರಿಗೆ. ತಳ ಹಿಡಿಯಿತು. ಮೇಲಿನದು ನೀರು, ಕೆಳಗಿನದು ಗಾರೆ.

ಬೆಳಿಗ್ಗೆ ಪಕ್ಕದ ಮನೆಯ ಹಾಜಿ ಮಿಫ್ತಾಹ್ ಗೋಡೆಯ ಮೇಲಿಂದ ಇಣುಕಿದರು. ಊರಾಚೆ ಅಂಜೂರದ ತೋಟ ಇಟ್ಟುಕೊಂಡಿರುವ ಬದೂ ಬುಡಕಟ್ಟಿನ ಮನುಷ್ಯ. ಮಾತು ಒರಟು, ಕೈ ದೊಡ್ಡದು.

"ಏನ್ ಶುಕ್ರಿ, ನಿನ್ನ ಹೊಟ್ಟೆ ಸುದ್ದಿ ಮೀನು ಮಾರ್ಕೆಟ್ಟಿನ ತನಕ ಬಂದಿದೆ?"

"ಅಜೀರ್ಣ ಹಾಜಿ, ಅಷ್ಟೇ."

"ಅಜೀರ್ಣ ಅಲ್ಲಯ್ಯಾ ಅದು, ಹೆಂಡ್ತಿ ಇಲ್ಲದ ಖಾಯಿಲೆ. ನಮ್ಮ ಕುರಿಗಳಿಗೂ ಬರುತ್ತೆ. ತಗೋ, ಬೆಳಗಿನ ಜಾವ ಸಹರಿ ಊಟದ ಹೊತ್ತಿಗೆ ನಾಲ್ಕು ನೆನೆಸಿ ತಿನ್ನು, ಹೊಟ್ಟೆ ಕಟ್ಟಲ್ಲ" ಎಂದು ಒಣ ಅಂಜೂರದ ಸರ ಒಂದನ್ನು ಎಸೆದರು.

ಊಟವಾದ ಮೇಲೆ ರಬಾಬ್ ಫೋನ್ ಮಾಡಿದಳು. ಮೊದಲ ದಿನ ಉಪವಾಸ ಕೆಡಿಸಿಕೊಂಡದ್ದು, ಡಾಕ್ಟರ್ ಹೇಳಿದ ನಿಯಮ ಎಲ್ಲ ಒಪ್ಪಿಸಿದೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅದು ಯಾರ ಕೈ ಎಂದು ಸದ್ದಿನಲ್ಲೇ ಗೊತ್ತಾಗುತ್ತದೆ. ನಿಮಾತ್ ಮುಚ್ಚಳವನ್ನು ಎಂದೂ ಮೆಲ್ಲಗೆ ಮುಚ್ಚಿದವಳಲ್ಲ. ಫೋನಿಗೆ ಬರಲಿಲ್ಲ.

ರಂಜಾನ್ 6, ಗುರುವಾರ

ಅಲೆ ಅರ್ಧ ಮೀಟರ್. ನೆನೆಸಿದ ಅಂಜೂರ ಕೆಲಸ ಮಾಡಿದೆ. ಹಾಜಿಗೆ ಹೇಳುವುದಿಲ್ಲ, ಊರಿಗೆಲ್ಲ ಸಾರುತ್ತಾರೆ.

ರಂಜಾನ್ 9, ಭಾನುವಾರ

ಪಶ್ಚಿಮದ ಗಾಳಿ. ಅಲೆ ಒಂದು ಮೀಟರ್ ಇರಬಹುದು, ಸರಿಯಾಗಿ ನೋಡಲಿಲ್ಲ.

ಇವತ್ತೊಂದು ವಿಷಯ ಕಂಡುಹಿಡಿದೆ. ಇಷ್ಟು ದಿನ ಸೂಪನ್ನು ನಮ್ಮ ಅಜಾನಿಗೆ ಸರಿಯಾಗಿ ಒಲೆಯಿಂದ ಇಳಿಸುತ್ತಿದ್ದೆ. ಬಾಯಿ ಸುಡುತ್ತಿತ್ತು. ಬೇಗ ಇಳಿಸಿದ ದಿನ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಉಗುರುಬೆಚ್ಚಗೆ ಎಂದು ಡಾಕ್ಟರ್ ಹೇಳಿದ್ದು ಒಂದು ದಿನವೂ ಸಿಗಲಿಲ್ಲ. ಇವತ್ತು ರೇಡಿಯೋದಲ್ಲಿ ಕೈರೋದ ಅಜಾನ್ ಬಂದಾಗ, ಮಾಡಲು ಬೇರೆ ಏನೂ ಇಲ್ಲದೆ, ಒಲೆ ಆರಿಸಿ ಬಟ್ಟಲಿಗೆ ಬಡಿಸಿಟ್ಟು ಕಾದೆ. ನಮ್ಮ ಅಜಾನ್ ಆಯಿತು. ಖರ್ಜೂರ ತಿಂದು ಚಮಚ ಬಾಯಿಗಿಟ್ಟೆ. ಎಷ್ಟು ಬೆಚ್ಚಗಿರಬೇಕೋ ಅಷ್ಟೇ.

ಆಗ ಕಣ್ಣ ಮುಂದೆ ಬಂತು. ಕೈರೋ ಅಜಾನ್ ಕೇಳಿದೊಡನೆ ನನ್ನ ಕೈಗೆ ಏಟು ಕೊಟ್ಟು ಅವಳು ಹೋಗುತ್ತಿದ್ದದ್ದು ಒಲೆಯ ಹತ್ತಿರಕ್ಕೆ. ಸೂಪು ಬಡಿಸುತ್ತಿದ್ದಳು. ಫ್ರಿಜ್ಜಿನ ನೀರಿನ ಬಾಟಲಿಯನ್ನು ಹೊರಗೆ ತೆಗೆದಿಡುತ್ತಿದ್ದಳು. ಕರಿದದ್ದನ್ನು ನನ್ನ ಕೈಗೆ ಸಿಗದಂತೆ ಮೇಜಿನ ಆ ತುದಿಗೆ ಸರಿಸುತ್ತಿದ್ದಳು. ಅವಳ ಸೂಪು ಮುಗಿಯುವ ತನಕ ಅದು ಈ ತುದಿಗೆ ಬರುತ್ತಿರಲಿಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ಅವಳು ಡಾಕ್ಟರಿಲ್ಲದೆ ಮಾಡಿದ್ದಾಳೆ. ನನ್ನ ಹೊಟ್ಟೆ ಕಲ್ಲು ಹಾಕಿದರೂ ಅರಗುತ್ತದೆ ಎಂದು ನಾನು ಕಚೇರಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅವಳು ನನಗೆ ಬೇಕು. ಹೊಟ್ಟೆಗಲ್ಲ. ಹೊಟ್ಟೆಗೆ ದಾರಿ ಸಿಕ್ಕಿತಲ್ಲ.

ರಂಜಾನ್ 11, ಮಂಗಳವಾರ

ರಬಾಬ್ ಫೋನಿನಲ್ಲಿ ಒಂದು ಸುದ್ದಿ ಹೇಳಿದಳು.

"ಅಪ್ಪಾ, ಅಮ್ಮಂಗೂ ಹೊಟ್ಟೆ ಸರಿ ಇಲ್ವಂತೆ. ಅವತ್ತು ನೀವು ನಿಯಮ ಹೇಳಿದ್ರಲ್ಲ, ಮಾರನೇ ದಿನದಿಂದ ಅವರೂ ಶುರು ಮಾಡಿದ್ದಾರೆ. ಖರ್ಜೂರ, ಸೂಪು, ಆಮೇಲೆ ಸುಮ್ನೆ ಕೂತಿರ್ತಾರೆ. ನಾವೆಲ್ಲ ತಿಂತಿದ್ರೂ ತಟ್ಟೆ ಮುಟ್ಟಲ್ಲ."

"ಕಾಲು ಗಂಟೆ ತಾನೇ? ಒಳ್ಳೇದೇ ಅದು."

"ಕಾಲು ಗಂಟೆ ಆಯ್ತಮ್ಮಾ ಅಂತ ನಾನು ಹೇಳಿದ್ರೂ ಕೇಳಲ್ಲ. ಇನ್ನೊಂದು ನಿಮಿಷ ಇರು ಅಂತಾರೆ. ದಿನಾ ಅಜಾನ್ ಆಗಿ ಸರಿಯಾಗಿ ಹದಿನಾರು ನಿಮಿಷ. ಗಡಿಯಾರ ನೋಡ್ಕೊಂಡು!"

ಅವಳ ಹೊಟ್ಟೆ ಕೆಟ್ಟದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಭಯವಾಯಿತು. ಗಡಿಯಾರದ ವಿಷಯಕ್ಕೆ ಬಂದರೆ, ಆ ಮನೆಯದು ಮೊದಲಿನಿಂದಲೂ ಒಂದು ನಿಮಿಷ ಹಿಂದೆ ಇರಬೇಕು. ಸರಿಮಾಡಿಸು ಎಂದು ರಬಾಬಳಿಗೆ ಹೇಳಿದೆ.

ರಂಜಾನ್ 12, ಬುಧವಾರ

ಅವಳಿಗೆ ಏನಾಗಿರಬಹುದು? ಎದೆ ಉರಿಯೋ, ವಾಯುವೋ? ಕೇಳಿ ತಿಳಿದುಕೊಳ್ಳುವಷ್ಟೂ ಸಲಿಗೆ ಉಳಿಸಿಕೊಂಡಿಲ್ಲವಲ್ಲ ನಾನು.

ರಂಜಾನ್ 15, ಶನಿವಾರ

ಅಂಗಡಿಯಿಂದ ಒಳ್ಳೆಯ ಶಾಜೀರಿಗೆ ತಂದು, ಹುರಿದು, ಕುಟ್ಟಿ, ಕಾಗದದಲ್ಲಿ ಪೊಟ್ಟಣ ಕಟ್ಟಿದೆ. ಕಚೇರಿಯಲ್ಲಿ ಕಟ್ಟುತ್ತಿದ್ದ ಹಾಗೆ, ದಾರವನ್ನು ಎರಡು ಸುತ್ತಿ, ಮೇಲೆ ಮೂರು ಗಂಟು. ಕೈರೋಗೆ ಹೊರಟಿದ್ದ ಹಾಜಿಯ ಅಳಿಯನ ಕೈಯಲ್ಲಿ ಕಳಿಸಿದೆ. "ಅರ್ಧ ಚಮಚ, ಬಿಸಿನೀರಿನಲ್ಲಿ, ಊಟದ ನಂತರ" ಎಂದು ಮೇಲೆ ಬರೆದೆ. ಇನ್ನೂ ಏನಾದರೂ ಬರೆಯಬೇಕೆಂದು ಪೆನ್ನು ಹಿಡಿದೇ ಇದ್ದೆ. ಅಳಿಯ ಹಾರನ್ ಹೊಡೆದ.

ಕೈರೋದಲ್ಲಿ ಇವತ್ತು ಮೂವತ್ತೊಂದು ಡಿಗ್ರಿಯಂತೆ. ಈ ಕಾಲಕ್ಕೆ ಜಾಸ್ತಿಯೇ. ಬಾಯಾರಿಕೆ ಆಗುತ್ತದೆ. ಸಹರಿಗೆ ಮೊಸರು, ಸೌತೆಕಾಯಿ ತಿನ್ನುತ್ತಾಳೋ ಇಲ್ಲವೋ.

ರಂಜಾನ್ 17, ಸೋಮವಾರ

ಇವತ್ತು ಅವಳೇ ಫೋನಿಗೆ ಬಂದಳು.

"ಪೊಟ್ಟಣ ಬಂತು."

"ತಗೊಂಡ್ಯಾ?"

"ಬಂತು ಅಂದೆ."

"ಹೊಟ್ಟೆ ಹೇಗಿದೆ ನಿಮಾತ್?"

"ನನ್ನ ಹೊಟ್ಟೆ ಗಟ್ಟಿ ಇದೆ. ನಿಮ್ಮದು ಹೇಳಿ ರಬಾಬಳ ಅಪ್ಪಾ. ಸಹರಿಗೆ ಬೇಯಿಸೋ ಫೂಲ್ ಕಾಳಿನ ಸಿಪ್ಪೆ ತೆಗೀತೀರಾ?"

"ಅದಕ್ಕೂ ಸಿಪ್ಪೆ ತೆಗೀಬೇಕಾ?"

"ಅಯ್ಯೋ! ಮೂವತ್ತೊಂದು ವರ್ಷ ಯಾರು ತೆಗೀತಿದ್ರು ಅಂದ್ಕೊಂಡಿದ್ರಿ? ಸಹರಿ ಹೊತ್ತಲ್ಲಿ ಸಿಪ್ಪೆ ಸಮೇತ ತಿಂದ್ರೆ ಉಬ್ಬರ ಬರದೆ ಇನ್ನೇನು? ಬೆರಳಲ್ಲಿ ಒತ್ತಿದ್ರೆ ಬಂದುಬಿಡುತ್ತೆ. ನಿಂಬೆ ಹಿಂಡಿ. ಉಪ್ಪಿನಕಾಯಿ ಮುಟ್ಟಬೇಡಿ, ಆಮೇಲೆ ಇಡೀ ದಿನ ನೀರು ನೀರು ಅಂತೀರಿ. ತಿಂದ ತಕ್ಷಣ ಮಲಗಬೇಡಿ."

"ಸರಿ."

"ಸಮುದ್ರ ಹೇಗಿದೆ?" ಎಂದು ಕೇಳಿದಳು. ಆಮೇಲೆ ನಾನು ಏನಾದರೂ ಹೇಳುವ ಮುಂಚೆಯೇ, "ಚೆನ್ನಾಗೇ ಇರುತ್ತೆ, ಅದಕ್ಕೇನು" ಎಂದು ಫೋನನ್ನು ಮಗಳಿಗೆ ಕೊಟ್ಟಳು.

ಸಮುದ್ರ ಹೇಗಿತ್ತು ಎಂದು ನನಗೂ ಗೊತ್ತಿರಲಿಲ್ಲ. ನೋಡಿರಲಿಲ್ಲ.

ರಂಜಾನ್ 21, ಶುಕ್ರವಾರ

ಕೈರೋದಲ್ಲಿ ಧೂಳುಗಾಳಿ. ಸಂಜೆ ತನಕ ಇರುತ್ತದಂತೆ. ರಬಾಬಳ ಮನೆಯ ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ.

ಫೂಲ್ ಕಾಳಿನ ಸಿಪ್ಪೆ ತೆಗೆಯುತ್ತ ಕೂತೆ. ಒಂದು ಬಟ್ಟಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅವಳು ಎರಡು ಬಟ್ಟಲು ತೆಗೆಯುತ್ತಿದ್ದಳು, ಮಾತಾಡುತ್ತ, ಬಾಗಿಲು ನೋಡುತ್ತ. ಉಬ್ಬರ ಇಲ್ಲ, ಉರಿ ಇಲ್ಲ. ಹೊಟ್ಟೆ ಇದೆಯೆಂಬುದೇ ಮರೆತುಹೋಗಿದೆ. ಮೇಜಿನ ಆ ಬದಿಯ ಕುರ್ಚಿಯನ್ನು ಮಾತ್ರ ಮರೆಯಲು ಆಗುತ್ತಿಲ್ಲ. ಸರಿಸಿ ಗೋಡೆಗೆ ಒರಗಿಸಿಟ್ಟೆ. ಅಲ್ಲಿ ಇನ್ನೂ ಕೆಟ್ಟದಾಗಿ ಕಂಡಿತು. ವಾಪಸ್ ಇಟ್ಟೆ.

ರಂಜಾನ್ 25, ಮಂಗಳವಾರ

ಡಾಕ್ಟರ್ ವಗ್ದಿ ಹೊಟ್ಟೆ ಒತ್ತಿ ನೋಡಿ, "ಮಾಶಾಲ್ಲಾ, ಇಪ್ಪತ್ತರ ಹುಡುಗನ ಹೊಟ್ಟೆ" ಅಂದರು. ನನಗೆ ಅದಲ್ಲ ಬೇಕಾಗಿದ್ದದ್ದು. ಹೆಂಡತಿಯ ವಿಷಯ ಕೇಳಿದೆ.

"ಅವಳಿಗೆ ಯಾವತ್ತೂ ಹೊಟ್ಟೆ ಕೆಟ್ಟಿರಲಿಲ್ಲ ಡಾಕ್ಟರೇ. ಈಗ ನಿಮ್ಮ ನಿಯಮ ಅವಳೂ ಮಾಡ್ತಿದ್ದಾಳೆ. ಸೂಪು ಕುಡಿದು, ಅಜಾನ್ ಆಗಿ ಹದಿನಾರು ನಿಮಿಷದ ತನಕ ಕಾಯ್ತಾಳೆ. ಒಂದು ನಿಮಿಷ ಹೆಚ್ಚಾದ್ರೆ ತೊಂದರೆ ಇಲ್ಲ ತಾನೇ?"

"ಎಲ್ಲಿದ್ದಾರೆ ಅವರು?"

"ಕೈರೋದಲ್ಲಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಉಸ್ತಾದ್ ಶುಕ್ರಿ, ನೀವು ನಿಜವಾಗ್ಲೂ ಹವಾಮಾನ ಕಚೇರೀಲಿ ಕೆಲಸ ಮಾಡ್ತಿದ್ರಾ?"

"ಮೂವತ್ತೊಂದು ವರ್ಷ. ಯಾಕೆ?"

"ಏನಿಲ್ಲ. ಕಾಲು ಗಂಟೆ ಅಂತ ಹೇಳಿದ್ದು ನಾನು. ಹದಿನಾರು ಅಂತ ಹೇಳಿದ್ದು ನಾನಲ್ಲ. ಹೋಗಿ ಬನ್ನಿ."

ಮುಖ ಊದಿಸಿಕೊಂಡು ಮನೆಗೆ ಬಂದೆ. ಸಂಜೆ ಮೇಜಿನ ಮುಂದೆ ಕೂತೆ. ಕೈರೋದ ಅಜಾನ್ ಬಂತು. ಎದ್ದು ಒಲೆ ಆರಿಸಿದೆ, ಸೂಪು ಬಡಿಸಿದೆ, ಖರ್ಜೂರ ಕೈಯಲ್ಲಿ ಹಿಡಿದು ಕೂತೆ. ಈಗ ಅವಳು ಖರ್ಜೂರ ತಿನ್ನುತ್ತಿರುತ್ತಾಳೆ, ಅಂದುಕೊಂಡೆ. ಈಗ ಸೂಪು. ಈಗ ಸುಮ್ಮನೆ ಕೂತು ಗಡಿಯಾರ ನೋಡುತ್ತಿರುತ್ತಾಳೆ. ನಾನೂ ಗಡಿಯಾರ ನೋಡುತ್ತಿದ್ದೆ. ನಮ್ಮ ಬೀದಿಯ ಮುಅಜ್ಜಿನ್ ಅಲ್ಲಾಹು ಅಕ್ಬರ್ ಅಂದಾಗ ಅಲ್ಲಿಗೂ ಇಲ್ಲಿಗೂ ಸರಿಯಾಗಿ ಹದಿನಾರು ನಿಮಿಷ.

ಖರ್ಜೂರ ಕೈಯಲ್ಲೇ ಉಳಿಯಿತು.

ಅವಳ ಹೊಟ್ಟೆಗೆ ಏನೂ ಆಗಿಲ್ಲ. ಕಾಯಲ್ಲ ಎಂದು ಹೇಳಿ ಹೋದವಳು ಐನೂರು ಕಿಲೋಮೀಟರ್ ದೂರದಲ್ಲಿ, ತನ್ನ ಊರಿನ ಅಜಾನ್ ಆದ ಮೇಲೂ, ನಾನು ಬಾಯಿಗೆ ಖರ್ಜೂರ ಇಡುವ ತನಕ ಕಾಯುತ್ತಿದ್ದಾಳೆ. ಅದಕ್ಕೆ ನಾನು ಶಾಜೀರಿಗೆ ಕುಟ್ಟಿ ಕಳಿಸಿದ್ದೇನೆ. ಗಡಿಯಾರ ಸರಿಮಾಡಿಸು ಎಂದಿದ್ದೇನೆ. ನನ್ನಂಥ ಪೆದ್ದ ಈ ಕರಾವಳಿಯಲ್ಲಿ ಇನ್ನೊಬ್ಬ ಇದ್ದಾನೆಯೇ?

ಸೂಪು ತಣ್ಣಗಾಯಿತು. ಹಾಗೇ ಕುಡಿದೆ.

ರಂಜಾನ್ 28, ಶುಕ್ರವಾರ. ಕೈರೋ

ಬೆಳಗಿನ ಬಸ್ಸು ಹತ್ತಿದೆ. ಹಾಜಿ ಮಿಫ್ತಾಹ್ ಬಸ್ ನಿಲ್ದಾಣದ ತನಕ ಬಂದು ಎರಡು ಸರ ಅಂಜೂರ ಕೊಟ್ಟರು. "ಒಂದು ನಿಂಗೆ, ಒಂದು ಅವಳಿಗೆ. ದಾರೀಲಿ ಮರೆತು ತಿಂದುಬಿಟ್ಟೀಯ, ನಿನ್ನ ಉಪವಾಸದ ಹಣೆಬರಹ ನಂಗೊತ್ತಿದೆ" ಎಂದು ನಿಲ್ದಾಣದವರೆಲ್ಲ ಕೇಳುವಂತೆ ಕೂಗಿದರು.

ಮಧ್ಯಾಹ್ನ ಬಾಗಿಲು ತೆಗೆದವಳು ನಿಮಾತ್. ಕೈಯಲ್ಲಿ ಹಿಟ್ಟು. ಮೇಲಿಂದ ಕೆಳಗೆ ನೋಡಿದಳು.

"ಇಳಿದುಹೋಗಿದ್ದೀರಿ."

"ಹೊಟ್ಟೆ ಚೆನ್ನಾಗಿದೆ."

"ಹೊಟ್ಟೆ ಕೇಳಲಿಲ್ಲ ನಾನು" ಎಂದು ಒಳಗೆ ಹೋದಳು. ಬಾಗಿಲು ತೆರೆದೇ ಬಿಟ್ಟು ಹೋದಳು.

ಅಂಜೂರದ ಸರ ಇಡಲು ಅಡುಗೆಮನೆಗೆ ಹೋದಾಗ ಕಪಾಟಿನ ಮೇಲೆ ನನ್ನ ಪೊಟ್ಟಣ ಕಂಡಿತು. ದಾರ ಎರಡು ಸುತ್ತು, ಮೂರು ಗಂಟು. ಬಿಚ್ಚಿಯೇ ಇರಲಿಲ್ಲ. ಆದರೆ ಬರೆದ ಬದಿ ಮುಂದೆ ಕಾಣುವ ಹಾಗೆ ಇಟ್ಟಿತ್ತು.

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತೆವು. ರಬಾಬ್, ಅವಳ ಗಂಡ, ನಿಮಾತ್, ನಾನು. ಅಜಾನ್ ಆಯಿತು. ಎಲ್ಲರ ಕೈಯೂ ಬಾಯಿಗೆ ಹೋಯಿತು. ನನ್ನ ಕೈ ಮಾತ್ರ ಖರ್ಜೂರ ಹಿಡಿದು ನಿಂತೇ ಇತ್ತು. ಈ ಅಜಾನಿಗೆ ತಡೆದುಕೊಂಡು ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ. ನಿಮಾತ್ ಗಮನಿಸಿದಳು. ಮೇಜಿನಡಿಯಲ್ಲಿ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿದಳು.

"ತಿನ್ನಿ" ಅಂದಳು ಮೆಲ್ಲಗೆ. "ಇದು ನಮ್ಮದೇ."

ಸೂಪು ಆಯಿತು. ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನಕ್ಕೆ ಚಮಚ ಹಾಕಿದಳು. ರಬಾಬ್ ಕಣ್ಣರಳಿಸಿದಳು.

"ಅಮ್ಮಾ! ಹದಿನಾರು ನಿಮಿಷ?"

"ಹೊಟ್ಟೆ ಸರಿಹೋಯ್ತು."

"ಯಾವಾಗ?"

"ಮಧ್ಯಾಹ್ನ. ಮಾತಾಡದೆ ಊಟ ಮಾಡು."

ನಾನು ಡಾಕ್ಟರ ಮಾತು ಮುರಿಯಲಿಲ್ಲ. ಕಾಲು ಗಂಟೆ ಕಾದೆ. ಅವಳು ತಿನ್ನುವುದನ್ನು ನೋಡುತ್ತ ಕೂತೆ. ಅಷ್ಟು ಬೇಗ ಮುಗಿದ ಕಾಲು ಗಂಟೆಯನ್ನು ನಾನು ನೋಡಿಲ್ಲ.

ಆಮೇಲೆ ಹೇಳಿದೆ. ಎಂಟು ತಿಂಗಳು ತಡವಾಗಿ ಹೇಳಿದೆ. "ಸಯ್ಯಿದಾ ಝೈನಬ್‌ನಲ್ಲಿ ಮನೆ ಹುಡುಕು ನಿಮಾತ್. ಎರಡು ರೂಮಿದ್ರೆ ಸಾಕು."

"ಸಮುದ್ರ?"

"ಅದು ಎಲ್ಲೂ ಹೋಗಲ್ಲ."

ಅವಳು ತಲೆ ಎತ್ತದೆ ಮೇಜು ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಆಮೇಲೆ ಕೇಳಿದಳು, "ಮೊದಲನೇ ದಿನ ಕೆಡಿಸಿಕೊಂಡ್ರಲ್ಲ, ಆ ಉಪವಾಸ ಯಾವಾಗ ತೀರಿಸ್ತೀರಿ?"

"ಹಬ್ಬ ಆದ್ಮೇಲೆ. ಇಲ್ಲೇ."

"ಕೆಡಿಸಿದ್ದು ಅಲ್ಲಿ. ಅಲ್ಲೇ ತೀರಿಸಿ. ನಾನೂ ಬರ್ತೀನಿ. ಸಾಮಾನು ಕಟ್ಟೋದಕ್ಕೂ ಯಾರಾದ್ರೂ ಬೇಕಲ್ಲ."

ಶವ್ವಾಲ್ 8, ಸೋಮವಾರ. ಮರ್ಸಾ ಮತ್ರೂಹ್

ವಾಯವ್ಯ ಗಾಳಿ. ಅಲೆ ಮುಕ್ಕಾಲು ಮೀಟರ್. ಆಕಾಶ ನಿರ್ಮಲ. ಕೈರೋದಲ್ಲಿ ಇಪ್ಪತ್ತೇಳು ಡಿಗ್ರಿ, ಅದೂ ಇನ್ನು ನಮ್ಮದೇ.

ಹಬ್ಬ ಕಳೆದು ಒಂದು ವಾರ. ಮನೆಯೆಲ್ಲ ಪೆಟ್ಟಿಗೆಗಳು. ಅವಳ ಅಣ್ಣ ಮನೆ ನೋಡಿದ್ದಾನೆ, ಮುಂದಿನ ತಿಂಗಳು ಖಾಲಿಯಾಗುತ್ತದೆ. ಬೆಳಿಗ್ಗೆ ದಂಡೆಯ ತನಕ ಹೋಗಿ ಬಂದೆವು. ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದು, "ಒಳ್ಳೇ ಸಮುದ್ರ ಕಣ್ರೀ ಇದು" ಎಂದಳು, ಮೊದಲ ಸಲ ನೋಡುವವಳ ಹಾಗೆ. ನಾನು ಅಲೆ ಎಣಿಸುತ್ತ ನಿಂತೆ. ಬಿಟ್ಟು ಹೋಗುವುದು ಸುಲಭವೆಂದು ಯಾರಿಗೂ ಹೇಳುವುದಿಲ್ಲ ನಾನು. ಆದರೆ ಅವಳು ಇದನ್ನೇ ಮೂವತ್ತೊಂದು ವರ್ಷದ ಹಿಂದೆ ಮಾಡಿದ್ದಳು. ಆಗ ಅವಳಿಗೆ ಹೇಗಾಗಿತ್ತು ಎಂದು ನಾನು ಕೇಳಿರಲಿಲ್ಲ.

ಕೆಡಿಸಿಕೊಂಡ ಉಪವಾಸವನ್ನು ಇವತ್ತು ಹಿಡಿದೆ. ಜೊತೆಗೆ ಅವಳೂ ಹಿಡಿದಳು, ಪುಣ್ಯಕ್ಕೆ ಎಂದಳು. ಸಂಜೆ ಇಬ್ಬರೂ ಮೇಜಿನ ಮುಂದೆ ಕೂತೆವು. ಖರ್ಜೂರ ಮೂರು ಮೂರು. ಒಲೆಯ ಮೇಲೆ ಅವಳ ಸೂಪು. ಇನ್ನೂ ಪೆಟ್ಟಿಗೆಗೆ ಹಾಕದ ರೇಡಿಯೋ ಫ್ರಿಜ್ಜಿನ ಮೇಲಿತ್ತು. ಅದರಲ್ಲಿ ಕೈರೋದ ಅಜಾನ್ ಶುರುವಾಯಿತು.

ಪರದೆ ತೆರೆದಿತ್ತು. ಸೂರ್ಯ ಕಿಟಕಿಯಲ್ಲೇ ಇದ್ದ. ಅದು ನಮ್ಮದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೇ ತಟ್ಟೆಗೆ ಕೈ ಚಾಚಿದೆ.